ಸಂಡಿಗೆ ಕಾಯುವ ಇಟಲಿ ಹಾಡು

ತಾರಸಿಯ ಮೇಲೆ ಹಳೇ ಪಂಚೆ ಹಾಸಿಕೊಂಡು ಅಕ್ಕಿ ಸಂಡಿಗೆ ಇಡುತ್ತಿದ್ದೆ. ನಾಲ್ಕನೇ ಸಾಲು ಮುಗಿದು ಐದನೆಯದಕ್ಕೆ ಸೌಟು ಅದ್ದಿದ್ದೆನಷ್ಟೇ, ಗುಂಡ್ಲುಪೇಟೆ ತಾಲ್ಲೂಕಿಗೆಲ್ಲ ಇರುವ ಒಬ್ಬರೇ ಒಬ್ಬ ಇಟಲಿ ತಜ್ಞರು ಇಟಲಿಗೆ ಹೋಗುವುದಿಲ್ಲ ಎಂಬ ಸುದ್ದಿ ಬಂತು.

ಆ ತಜ್ಞರು ನಮ್ಮ ಮನೆಯಲ್ಲೇ ಇದ್ದಾರೆ. ನಮ್ಮ ಯಜಮಾನರ ಅಣ್ಣ, ನನಗೆ ಭಾವ. ಇಟಲಿಯನ್ನು ಕಣ್ಣಾರೆ ನೋಡಿಲ್ಲ ಎನ್ನುವುದೊಂದನ್ನು ಬಿಟ್ಟರೆ ಅವರ ತಜ್ಞತೆಗೆ ಬೇರೆ ಕೊರತೆ ಇರಲಿಲ್ಲ. ಅದೂ ಬರುವ ಆಷಾಢಕ್ಕೆ ತೀರುವುದರಲ್ಲಿತ್ತು. ಕಿವಿ ಸ್ವಲ್ಪ ಮಂದವಾಗಿದೆ, ಹೊರಡುವ ಮುಂಚೆ ಒಮ್ಮೆ ತೋರಿಸಿಬಿಡೋಣ ಎಂದು ಅಣ್ಣತಮ್ಮಂದಿರು ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋಗಿದ್ದರು. ಅಲ್ಲಿಂದ ಯಜಮಾನರ ಫೋನು.

"ಅಣ್ಣಂಗೆ ಬಲಗಿವಿ ಪೂರ್ತಿ ಹೋಗ್ಬುಟ್ಟದಂತೆ ಕಣೆ. ಎಡಗಿವಿ ನರನೂ ಒಣಗ್ತಾ ಅದಂತೆ. ಆಪರೇಸನ್ನು ಗೀಪರೇಸನ್ನು ಏನೂ ಇಲ್ವಂತೆ."

"ಮಿಸೀನು ಹಾಕುದ್ರೆ?"

"ಮಾತು ಕೇಳುಸ್ತದಂತೆ. ಹಾಡು ಮಾತ್ರ ತಗಡು ಬಡ್ದಂಗೆ ಕೇಳುಸ್ತದೆ ಅಂದ್ರು ಡಾಕ್ಟ್ರು."

"ಬಾವ ಏನಂದ್ರು?"

"ಆಸ್ಪತ್ರೆ ಮೆಟ್ಲ ಮೇಲೆ ಕೂತ್ಕಂಡು, ಎಡಗಿವಿಗೆ ಫೋನ್ ಒತ್ಕಂಡು, ಆ ಟೂರಿನ ಮೇಡಮ್ಮಂಗೆ 'ನನ್ ಹೆಸ್ರು ತೆಗ್ದುಬುಡಿ' ಅಂದ. ಈಗ ಕಾಪಿ ಕುಡೀತಾವ್ನೆ."

ಕಾಫಿ ಕುಡಿಯುತ್ತಿದ್ದಾರಲ್ಲ, ಅಷ್ಟಾದರೂ ಸಾಕು ಎಂದುಕೊಂಡೆ. ಸೌಟಿನಲ್ಲಿದ್ದ ಹಿಟ್ಟು ಪಂಚೆಯ ಮೇಲೆ ಎಲ್ಲೋ ಬಿದ್ದು ದೊಡ್ಡ ದೋಸೆಯಷ್ಟಗಲ ಸಂಡಿಗೆಯಾಯಿತು. ತೆಗೆಯಲು ಮನಸ್ಸು ಬರಲಿಲ್ಲ.

ಭಾವನವರ ಕಥೆ ಮೊದಲಿಂದ ಹೇಳದಿದ್ದರೆ ಇದರ ನೋವು ನಿಮಗೆ ತಿಳಿಯುವುದಿಲ್ಲ. ಅವರು ಮದುವೆಯಾಗಲಿಲ್ಲ, ಹಾರ್ಮೋನಿಯಂ ಕಟ್ಟಿಕೊಂಡರು. ಬೇಸಿಗೆಯಲ್ಲಿ ನಮ್ಮ ತೆರಕಣಾಂಬಿ ಸುತ್ತಿನ ಹಳ್ಳಿಗಳವರೆಲ್ಲ ಪೌರಾಣಿಕ ನಾಟಕ ಕಟ್ಟುತ್ತಾರಲ್ಲ, ಅವರಿಗೆಲ್ಲ ಹಾಡು ಹೇಳಿಕೊಡುವ ಮೇಷ್ಟ್ರು. ಈ ಸೀಮೆಯ ಅರ್ಧ ದುರ್ಯೋಧನರು ಅವರ ಶಿಷ್ಯರೇ.

ಹನ್ನೆರಡು ವರ್ಷದ ಹಿಂದೆ ನಮ್ಮ ತಾಲ್ಲೂಕಿನದೇ ಮದ್ದೂರಿನ ಕಡೆ, ಕಾಡಂಚಿನ ಒಂದು ವಸತಿಗೃಹದವರು, ವಿದೇಶದ ಅತಿಥಿಗಳಿದ್ದಾರೆ ಬಂದು ನಾಲ್ಕು ಹಾಡು ನುಡಿಸಿ ಎಂದು ಇವರನ್ನು ಕರೆಸಿಕೊಂಡರು. ಇವರು ಭೀಮನ ಪ್ರತಿಜ್ಞೆಯ ಹಾಡು ನುಡಿಸಿದರು. ಅತಿಥಿಗಳಲ್ಲಿ ಇಟಲಿಯ ಒಬ್ಬ ಮುದುಕರು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡು, ಅದಕ್ಕೆ ಉತ್ತರವೆಂಬಂತೆ ತಮ್ಮ ದೇಶದ ಹಾಡು ಹಾಡಿದರಂತೆ. ಊಟದ ಮನೆಯ ಕಿಟಕಿ ಗಾಜು ಅದುರಿತಂತೆ. ಒಪೆರಾ ಅಂತ ಅದರ ಹೆಸರು, ಕಥೆಯನ್ನೆಲ್ಲ ಹಾಡಿನಲ್ಲೇ ಹೇಳುವುದು. ಬೇಸಿಗೆಯಲ್ಲಿ ನಮ್ಮ ಕಡೆ ಬನ್ನಿ, ಹಗಲು ದ್ರಾಕ್ಷಿ ತೋಟದ ಬದುವಿನಲ್ಲಿ ನಡೆಯುತ್ತೇವೆ, ಸಂಜೆ ಬಯಲಿನಲ್ಲಿ ಕಲ್ಲಿನ ಮೆಟ್ಟಿಲ ಮೇಲೆ ಕೂತು ಒಪೆರಾ ಕೇಳುತ್ತೇವೆ ಎಂದು ಹೇಳಿ ಒಂದು ಪೆನ್‌ಡ್ರೈವ್ ಕೊಟ್ಟರು. ಆ ಮುದುಕರು ತಮ್ಮ ಊರಿಗೆ ಹೋದರು. ಪೆನ್‌ಡ್ರೈವ್ ನಮ್ಮ ಮನೆಗೆ ಬಂತು.

"ನಾವ್ ಬಯಲಲ್ಲಿ ಆಡದೂ ಇದೇಯ ಕಣವ್ವ," ಎಂದರು ಭಾವ ಅವತ್ತು, ಕಣ್ಣು ಒದ್ದೆ ಮಾಡಿಕೊಂಡು. "ಅಲ್ಲೂವೆ ಗಾಯ ಆದೋನು ಬೀಳಕ್ಕೆ ಮುಂಚೆ ಅರ್ಧ ಗಂಟೆ ಹಾಡ್ತಾನೆ."

ಅಂದಿನಿಂದ ನನ್ನ ಅಡಿಗೆಮನೆ ಕಿಟಕಿಯ ಮೇಲೆ ಒಂದು ಪುಟ್ಟ ಸ್ಪೀಕರ್ ಕೂತಿತು. ಅದರಲ್ಲಿ ದಿನವೂ ಒಂದೇ ಕಥೆ. ಒಬ್ಬಳು ಹೆಂಗಸು ನಂಬಿದವನಿಂದ ಮೋಸಹೋಗಿ ವಿಷ ಕುಡಿಯುತ್ತಾಳೆ. ಕುಡಿದ ಮೇಲೆ ಶುರುವಾಗುತ್ತದೆ ನೋಡಿ ಅಸಲು ಹಾಡು. ನಾನು ಸೊಪ್ಪು ಬಿಡಿಸಿ, ತೊಳೆದು, ಹೆಚ್ಚಿ, ಬೇಯಿಸಿ, ಮುದ್ದೆ ಕಟ್ಟಿ ಮುಗಿಸಿದರೂ ಆಕೆ ಸಾಯುವುದಿಲ್ಲ.

"ಅಲ್ಲ ಬಾವ, ವಿಷ ಕುಡ್ದೋಳು ಇಷ್ಟೊತ್ತು ಹಾಡ್ತಾವ್ಳಲ್ಲ, ಆಸ್ಪತ್ರೆಗೆ ಕರ್ಕಂಡೋಗೋರು ಒಬ್ರೂ ದಿಕ್ಕಿಲ್ವಾ?"

"ಆಸ್ಪತ್ರೆಗೋದ್ರೆ ಕಥೆ ಎಲ್ಲುಳೀತದವ್ವ?"

"ಕಥೆ ಹಾಳಾಗೋಗ್ಲಿ, ಹೆಣ್ಣು ಉಳೀತದಲ್ಲ."

ಮಾರನೆಯ ದಿನವೂ ಆಕೆ ವಿಷ ಕುಡಿದಳು.

ಆ ಹಾಡಿನ ತುದಿಯಲ್ಲಿ ಒಂದು ಉದ್ದನೆಯ ಕೂಗು ಬರುತ್ತದೆ. ಮೊದಲ ವಾರ ಆ ಕೂಗು ಕೇಳಿ ಪಕ್ಕದ ಮನೆಯಾಕೆ ಮಠದ ವಿಭೂತಿ ಹಿಡಿದುಕೊಂಡು ಓಡಿ ಬಂದಳು. "ನಿಮ್ಮಟ್ಟೀಲಿ ದೆವ್ವ ಮೆಟ್ಕಂಡಿರದು ಯಾರ್ಗವ್ವ?" ಎಂದು ನನ್ನನ್ನು ಕೇಳಿದಳು. ಜಗಲಿಯ ಮೇಲಿದ್ದ ಭಾವ ಶಾಂತವಾಗಿ ಹಣೆ ಮುಂದೆ ಮಾಡಿ, "ನಂಗೆ ಕಣವ್ವ, ಇತ್ತ ಕೊಡು," ಎಂದು ಮೂರು ಬೆರಳು ಅಗಲ ಬಳಿದುಕೊಂಡರು. ವಿಭೂತಿಯೂ ಆ ದೆವ್ವವನ್ನು ಬಿಡಿಸಲಿಲ್ಲ.

ಒಂದು ಉಪಕಾರ ಮಾತ್ರ ಆಯಿತು. ನಾನು ಬೇಸಿಗೆಯಲ್ಲಿ ತಾರಸಿಯ ಮೇಲೆ ಸಂಡಿಗೆ ಒಣಹಾಕಿದರೆ ಕಾಗೆ ಕಾಯುವ ಕೆಲಸ ಭಾವನವರದು. ಅವರು ಕೋಲು ಹಿಡಿಯುವುದಿಲ್ಲ. ಗೋಣಿಚೀಲ ಹಾಸಿಕೊಂಡು, ಛತ್ರಿ ಬಿಚ್ಚಿಕೊಂಡು, ಪಕ್ಕದಲ್ಲಿ ಸ್ಪೀಕರ್ ಇಟ್ಟುಕೊಂಡು ಕೂರುತ್ತಾರೆ. ಹನ್ನೆರಡು ಬೇಸಿಗೆಯಲ್ಲಿ, ಆ ಹೆಂಗಸು ಹಾಡುತ್ತಿರುವಷ್ಟು ಹೊತ್ತು, ಒಂದು ಕಾಗೆಯೂ ನಮ್ಮ ಸಂಡಿಗೆಯ ಹತ್ತಿರ ಸುಳಿದಿಲ್ಲ. ದೇವರು ಏನನ್ನೂ ಸುಮ್ಮನೆ ಸೃಷ್ಟಿಸಿಲ್ಲ ಎನ್ನುವುದು ನನಗೆ ಅಲ್ಲಿ ಮನದಟ್ಟಾಯಿತು.

ಎರಡು ವರ್ಷದ ಹಿಂದೆ ಅವರು ನಮ್ಮೂರ ನಾಟಕವನ್ನೂ ಇಟಲಿ ಮಾಡಲು ಹೊರಟರು. ಭಾನುವಾರ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ತಾಲೀಮು. "ಮೈಕು ತಗೀರಿ. ಇಟ್ಲೀಲಿ ಬಯಲಲ್ಲಿ ಮೈಕಿಲ್ದೇಯ ಹಾಡ್ತಾರೆ, ಕಟ್ಟಕಡೇ ಮೆಟ್ಲಿಗೂ ಕೇಳುಸ್ತದೆ," ಎಂದು ಮೈಕಿನ ತಂತಿ ಕಿತ್ತಿಸಿದರು. ಭೀಮನ ಪಾತ್ರದವರು ಅರಿಶಿನ ವ್ಯಾಪಾರಿ, ಸಾಧು ಮನುಷ್ಯ. ಎರಡು ಸಲ ಹಾಡಿ ಸುಸ್ತಾಗಿ ಕೈ ಮುಗಿದರು.

"ಮೇಷ್ಟ್ರೇ, ಎದುರ್ಗಡೆ ನಿಂತಿರೋ ದುರ್ಯೋಧನಂಗೇ ಕೇಳುಸ್ತಿಲ್ಲ. ಅವನೆಂಗೆ ಸಿಟ್ಟಾಗ್ಬೇಕು?"

ಮೈಕು ವಾಪಸ್ಸು ಬಂತು. ಆದರೂ ಹಿಂದೆ ಕೂತಿದ್ದ ಭಾವ, "ಜೋರಾಗಿ, ಇನ್ನೂ ಜೋರಾಗಿ, ಏನೂ ಕೇಳುಸ್ತಿಲ್ಲ," ಎನ್ನುತ್ತಲೇ ಇದ್ದರು. ಪಕ್ಕದ ಬೀದಿಯಲ್ಲಿದ್ದ ನನಗೆ ಭೀಮ ಸ್ಪಷ್ಟವಾಗಿ ಕೇಳಿಸುತ್ತಿದ್ದ. ಕೊನೆಗೆ ಅರಿಶಿನ ವ್ಯಾಪಾರಿಯ ಗಂಟಲು ಒಡೆದು, ಅವರು ಗದೆಯನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಹೋದರು. ಮೇಷ್ಟ್ರಿಗೆ ಇಟಲಿ ಗರ್ವ ಹತ್ತಿದೆ ಎಂದು ಊರೆಲ್ಲ ನಕ್ಕಿತು. ನಾನೂ ನಕ್ಕೆ. ಅದು ಗರ್ವವಾಗಿರಲಿಲ್ಲ, ಕಿವಿಯಾಗಿತ್ತು. ಈಗ ಹೇಳಿ ಏನು ಬಂತು?

ಆಮೇಲೆ ಸಿಕ್ಕಿದ್ದು ಮೈಸೂರಿನ ಕೂಟ. ಇಟಲಿಯ ಸಂಸ್ಕೃತಿ ಎಂದರೆ ಪ್ರಾಣ ಬಿಡುವ ಹನ್ನೊಂದು ಜನ ಮೈಸೂರಿನಲ್ಲಿದ್ದಾರೆ. ನಿವೃತ್ತ ಪ್ರೊಫೆಸರ್ ಮೇಡಂ ಒಬ್ಬರು ಅವರ ಮುಖ್ಯಸ್ಥೆ. ಭಾವ ಹನ್ನೆರಡನೆಯವರಾದರು. ಆ ಕೂಟ ಈ ಆಷಾಢದಲ್ಲಿ ಇಟಲಿ ಪ್ರವಾಸ ಗೊತ್ತುಮಾಡಿತು. ಹತ್ತು ದಿನ, ಹಗಲು ಹಳ್ಳಿಗಾಡಿನಲ್ಲಿ ನಡಿಗೆ, ಸಂಜೆ ಬಯಲಿನಲ್ಲಿ ಒಪೆರಾ. ಬಣ್ಣದ ಕಾಗದವೊಂದು ಮನೆಗೆ ಬಂತು. ಆಷಾಢದಲ್ಲಿ ಯಾರಾದರೂ ದೂರದ ಊರಿಗೆ ಹೊರಡುತ್ತಾರೆಯೇ ಎಂದರೆ, ಅಲ್ಲಿ ಅದೇ ಬೇಸಿಗೆ ಎಂದರು. ಬೇಸಿಗೆಯನ್ನೂ ಸರಿಯಾದ ತಿಂಗಳಲ್ಲಿ ಇಟ್ಟುಕೊಳ್ಳದ ದೇಶ ಎಂತಹ ದೇಶವೋ.

ದಿನಕ್ಕೆ ನಾಲ್ಕು ಗಂಟೆ ನಡೆಯಬೇಕೆಂದು ಭಾವ ಅಭ್ಯಾಸ ಶುರುಮಾಡಿದರು. ಬೂಟು, ಟೋಪಿ, ಬೆನ್ನಿಗೆ ಚೀಲ. ಬೆಳಗ್ಗೆ ಗುಂಡ್ಲುಪೇಟೆ ರಸ್ತೆ ಹಿಡಿದು ಹೊರಟರೆ ಹೋಗುವ ಬಸ್ಸುಗಳೆಲ್ಲ ಪಕ್ಕದಲ್ಲಿ ನಿಲ್ಲುತ್ತಿದ್ದವು. ಎಲ್ಲ ಕಂಡಕ್ಟರುಗಳಿಗೂ ಮೇಷ್ಟ್ರು ಗೊತ್ತು.

"ಹತ್ತಿ ಮೇಷ್ಟ್ರೇ, ಎಲ್ಗೆ?"

"ಎಲ್ಗೂ ಇಲ್ಲಪ್ಪ. ಸುಮ್ನೆ ನಡೀತಾ ಇವ್ನಿ."

"ಎಲ್ಗೂ ಇಲ್ಲ ಅಂದ್ರೆ ಗುಂಡ್ಲುಪೇಟೆಗೇ ಬನ್ನಿ, ನಾವ್ ಅಲ್ಗೇ ಓಯ್ತಾ ಇರದು."

ಕಿಟಕಿಗೊಂದು ತಲೆ ಹೊರಬಂದು, ಬಸ್ಸಿಗೆ ಬಸ್ಸೇ ಅವರಿಗೆ ಬುದ್ಧಿ ಹೇಳುತ್ತಿತ್ತು. ವಾರದೊಳಗೆ ಸಂತೆಯಲ್ಲಿ ನನಗೇ ಕೇಳಿಸುವಂತೆ ಮಾತು ಬಂತು: ಪಾಪ, ತಮ್ಮನ ಹೆಂಡತಿ ಬಸ್ ಚಾರ್ಜಿಗೂ ಕಾಸು ಬಿಚ್ಚುವುದಿಲ್ಲವಂತೆ.

ನಾನು ಮನೆಗೆ ಬಂದು ಜಗಳ ತೆಗೆದೆ. "ನಡಿಯೋದಾದ್ರೆ ಮಾದಪ್ಪನ ಬೆಟ್ಟುಕ್ಕೆ ನಡೀರಿ ಬಾವ. ನಡ್ದು ನಡ್ದು ಕೊನೇಲಿ ಒಂದು ದೇವ್ರು ಸಿಕ್ಬೇಕಲ್ವಾ? ಕೊನೇಲಿ ಏನೂ ಇಲ್ದೆ ಯಾರಾದ್ರೂ ನಡೀತಾರಾ?"

"ಮಳೆಗಾಲ್ದಲ್ಲಿ ಕೇರಳದೋರು ಕಾರು ನಿಲ್ಸಿ ನಮ್ಮ ಸೂರ್ಯಕಾಂತಿ ಹೊಲ್ದಲ್ಲಿ ಓಡಾಡ್ತಾರಲ್ಲವ್ವ, ಅಲ್ಲೇನು ದೇವಸ್ಥಾನ ಅದಾ?"

ನಾನು ಸಂತೆಯ ಚೀಲ ಎತ್ತಿಕೊಂಡು ಅಡಿಗೆಮನೆಗೆ ಹೋದೆ.

ಆದರೆ ನಮ್ಮ ಕಡೆ ಚೀಲ ಹೊತ್ತು ರಸ್ತೆ ಬದಿಯಲ್ಲಿ ನಡೆಯುವವರು ಒಂದೇ ಜಾತಿ: ಮಲೆ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋಗುವವರು. ಸುಮ್ಮನೆ ನಡೆಯುವ ಮನುಷ್ಯನನ್ನು ಈ ಸೀಮೆ ಕಂಡಿಲ್ಲ. ಹಾಗಾಗಿ ಜನ ಇವರಿಗೆ ಮಜ್ಜಿಗೆ ಕೊಟ್ಟರು, ಪಾನಕ ಕೊಟ್ಟರು, ಎಳೇ ಮಕ್ಕಳನ್ನು ಕಾಲಿಗೆ ಬೀಳಿಸಿದರು. ಒಂದು ದಿನ, ಕುದೇರಿನ ಮಗಳ ಮನೆಗೆ ಹೋಗಲು ಬಸ್ಸು ಕಾಯುತ್ತಿದ್ದ ಒಬ್ಬ ಅಜ್ಜಿ ಇವರ ಕಾಲು ಹಿಡಿದೇಬಿಟ್ಟರಂತೆ. "ಮೊಮ್ಮಗೀಗೆ ಜ್ವರ ಬುಡ್ತು ಕಣಪ್ಪ. ಬೆಟ್ಟ ಹತ್ತಕ್ಕೆ ನಂಗೆ ಕಾಲಿಲ್ಲ. ಇದ ಮಾದಪ್ಪನ ಪಾದುಕ್ಕಾಕ್ಬುಡು," ಎಂದು ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಹರಕೆಯ ಗಂಟೊಂದನ್ನು ಕೈಗಿಟ್ಟರು. ಇಲ್ಲವ್ವ, ನಾನು ಇಟಲಿಗೆ ಹೋಗುವುದು ಎಂದು ಆ ಅಜ್ಜಿಗೆ ಹೇಗೆ ಹೇಳುವುದು? ಗಂಟು ನಮ್ಮ ಬೀರುವಿಗೆ ಬಂದು, ಇಟಲಿಯ ಬಣ್ಣದ ಕಾಗದದ ಕೆಳಗೆ ಕೂತಿತು.

ಬೇರೆಯವರ ಹರಕೆಯನ್ನು ಈಸಿಕೊಂಡು ಮನೆಯಲ್ಲಿಟ್ಟುಕೊಳ್ಳುವುದೇ? ನನಗೆ ಊಟ ಸೇರದಾಯಿತು. ಬೀರು ತೆಗೆದಾಗಲೆಲ್ಲ ಗಂಟಿಗೆ ಕೈ ಮುಗಿದು, "ಇಟ್ಲಿಯಿಂದ ಬಂದ್ಮೇಲೆ ಕಳುಸ್ತೀನಪ್ಪ," ಎಂದು ಮಾದಪ್ಪನಲ್ಲಿ ವಾಯಿದೆ ಕೇಳುತ್ತಿದ್ದೆ.

ಕಳೆದ ತಿಂಗಳು ಆ ಹನ್ನೊಂದು ಜನವೂ ನಡಿಗೆಯ ಅಭ್ಯಾಸಕ್ಕೆಂದು ನಮ್ಮೂರಿಗೇ ಬಂದರು. ಮೇಡಂ ಬಲು ಒಳ್ಳೆಯವರು. ದೊಡ್ಡ ಟೋಪಿ, ಕೈಯಲ್ಲಿ ನಕ್ಷೆ, ಎರಡು ಕೋಲು. ಭಾವ ಅವರನ್ನು ಬದುವಿನ ಮೇಲೆ ಸಾಲಾಗಿ ನಡೆಸಿದರು. ಮೇಡಂ ಅಲ್ಲಲ್ಲಿ ನಿಂತು ನಕ್ಷೆ ಬಿಚ್ಚಿ, ಕೋಲಿನಲ್ಲಿ ದೂರಕ್ಕೆ ತೋರಿಸಿ, "ಎಷ್ಟು ಚೆನ್ನಾಗಿದೆ, ಹೀಗೇ ನೇರ ಹೋಗಬಹುದು," ಎನ್ನುತ್ತಿದ್ದರಂತೆ. ನಕ್ಷೆ ಹಿಡಿದು ಹೊಲದಲ್ಲಿ ನಿಂತವರು ಇನ್ನು ಯಾರಾಗಿರಲು ಸಾಧ್ಯ? ಅವರು ತಿರುಗಿ ನಮ್ಮ ಮನೆಗೆ ಬರುವಷ್ಟರಲ್ಲಿ, ಹೊಸ ರಸ್ತೆಗೆ ಜಮೀನು ಅಳೆಯುವವರು ಬಂದಿದ್ದಾರೆಂದು ಅರ್ಧ ಊರು ಪಹಣಿ ಹಿಡಿದು ನಮ್ಮ ಜಗಲಿಯ ಮುಂದೆ ನಿಂತಿತ್ತು. ಭಾವ ಸ್ಪೀಕರ್ ತಂದು ಹಾಡು ಹಾಕಿ, "ಇದ ಕೇಳಕ್ಕೆ ಹೊಂಟಿರೋರು ಕಣ್ರಪ್ಪ ಇವ್ರು," ಎಂದರು. ವಿಷ ಕುಡಿದವಳ ಕೂಗು ಎದ್ದಿತು. ಒಬ್ಬರು ಪಹಣಿ ಮಡಚಿ ಜೇಬಿಗಿಟ್ಟುಕೊಂಡು, "ಪಾಪ, ಓದ್ಕಂಡೋರು," ಎಂದು ಹೊರಟುಹೋದರು. ಹನ್ನೊಂದು ಜನರೂ ನನ್ನ ಕೈಯ ಮುದ್ದೆ, ಹುರುಳಿ ಸಾರು ಉಂಡು ಹರಸಿ ಹೋದರು.

ಇಷ್ಟೆಲ್ಲ ಆದಮೇಲೆ ಇನ್ನೊಂದು ಹೇಳಬೇಕು. ಹೇಳದೆ ಮುಚ್ಚಿಟ್ಟರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ. ಆ ಪಹಣಿ ಗಲಾಟೆಯ ಮಾರನೆಯ ಸೋಮವಾರ, ಲಿಂಗಪೂಜೆಗೆ ಕೂತಿದ್ದಾಗ ಹೊರಗೆ ಆಕೆ ಮತ್ತೆ ವಿಷ ಕುಡಿದಳು. ನನಗೆ ಮಂತ್ರ ತಪ್ಪಿತು. ತಾಳ್ಮೆಯೂ ತಪ್ಪಿತು. "ಶಿವನೇ, ಈ ಮನೆಗೆ ಒಂದಿಷ್ಟು ನಿಶ್ಶಬ್ದ ಕೊಡಪ್ಪ," ಎಂದು ಬೇಡಿಕೊಂಡೆ.

ಮೂವತ್ತು ವರ್ಷದಿಂದ ಪೂಜೆ ಮಾಡುತ್ತಿದ್ದೇನೆ. ಯಜಮಾನರ ಮಂಡಿನೋವು ಹೋಗಲಿ ಎಂದು ಕೇಳಿದೆ, ಹೋಗಲಿಲ್ಲ. ಬೋರಿನಲ್ಲಿ ನೀರು ನಿಲ್ಲಲಿ ಎಂದು ಕೇಳಿದೆ, ನಿಲ್ಲಲಿಲ್ಲ. ಇದೊಂದನ್ನು ಮಾತ್ರ ಏಕೆ ಅಷ್ಟು ಬೇಗ ಕೇಳಿಸಿಕೊಂಡ? ಅದೂ ನಾನು ಕೇಳಿದ್ದು ನನಗಾಗಿ. ಕೊಟ್ಟದ್ದು ಅವರಿಗೆ.

ಅಂತಹ ದೇವರಲ್ಲ ಅವನು. ನನಗೆ ಗೊತ್ತು, ಎರಡು ವರ್ಷದ ಹಿಂದೆಯೇ ಕಿವಿ ಹೋಗುತ್ತಿತ್ತು. ಆದರೂ ಫೋನು ಬಂದಮೇಲೆ ಒಂದೊಂದು ಸಂಡಿಗೆ ಇಡುವಾಗಲೂ ಎದೆಯಲ್ಲಿ ಅದೇ ತಿರುಗುತ್ತಿತ್ತು. ಬೆಳಗಿನಿಂದ ಮನೆಯಲ್ಲಿ ಹಾಡಿರಲಿಲ್ಲ. ಎಷ್ಟು ನಿಶ್ಶಬ್ದವಾಗಿತ್ತೆಂದರೆ ಪಕ್ಕದ ಪಂಚೆಯ ಮೇಲೆ ನಿನ್ನೆಯ ಸಂಡಿಗೆ ಒಣಗಿ ಬಟ್ಟೆ ಬಿಡುವ ಚಟಚಟ ಸದ್ದೂ ಕೇಳುತ್ತಿತ್ತು.

ನಾಲ್ಕು ಗಂಟೆಯ ಬಸ್ಸಿಗೆ ಇಬ್ಬರೂ ಬಂದರು. ಯಜಮಾನರು ಕೆಳಗೇ ಉಳಿದರು. ಭಾವ ಒಂದು ಲೋಟ ನೀರು ಕುಡಿದು, ಬೀರು ತೆಗೆದು, ಕೈಯಲ್ಲೇನೋ ಹಿಡಿದುಕೊಂಡು ತಾರಸಿಗೆ ಹತ್ತಿ ಬಂದರು. ಗೋಣಿಚೀಲ ಹಾಸಿಕೊಂಡು ತಮ್ಮ ಜಾಗದಲ್ಲಿ ಕೂತರು. ಒಂದು ಕೈಯಲ್ಲಿ ಸ್ಪೀಕರ್, ಇನ್ನೊಂದರಲ್ಲಿ ಅಜ್ಜಿಯ ಅರಿಶಿನದ ಗಂಟು.

"ಆ ಟೂರ್ನಲ್ಲಿ ಅರ್ಧ ಕಿವೀದು, ಅರ್ಧ ಕಾಲಿಂದು ಕಣವ್ವ," ಎಂದರು, ಗಂಟನ್ನು ನನ್ನ ಮುಂದಿಟ್ಟು. "ಕಾಲ್ಗೇನೂ ಆಗಿಲ್ವಲ್ಲ. ಮುಂದಿನ್ವಾರ ಬೆಟ್ಟುಕ್ಕೆ ನಡ್ದೋಗಿ ಇದ ಹಾಕ್ಬುಟ್ ಬತ್ತೀನಿ. ಕೊನೇಲಿ ದೇವ್ರು ಸಿಗ್ಬೇಕು ಅಂತಿದ್ಯಲ್ಲ."

ನಾನು ಏನಾದರೂ ಹೇಳಬೇಕಿತ್ತು. ತಪ್ಪಾಯ್ತು ಎನ್ನಬೇಕಿತ್ತು. ಹೇಳಿದರೂ ಕೇಳಿಸುವುದಕ್ಕೆ ಜೋರಾಗಿ ಕೂಗಬೇಕು. ತಪ್ಪಾಯ್ತು ಎಂದು ಕೂಗಿ ಹೇಳುವುದು ಹೇಗೆ?

ಅವರು ಹಾಡು ಹಾಕಿ ಸ್ಪೀಕರನ್ನು ಎಡಗಿವಿಗೆ ಒತ್ತಿಕೊಂಡರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದು, ತಲೆಯಾಡಿಸಿ ಅದನ್ನು ನನ್ನ ಮಡಿಲಿಗಿಟ್ಟರು.

"ತಗಡು. ನೀ ಕೇಳವ್ವ. ಕೇಳಿ ನಂಗೆ ಹೇಳು."

ನಾನು ಅವರ ಎಡಕ್ಕೆ ಸರಿದು ಕೂತೆ. ಕಿವಿಯ ಹತ್ತಿರ ಬಾಯಿಟ್ಟು ಹೇಳತೊಡಗಿದೆ. "ಪಿಟೀಲು ಬಂತು ಬಾವ... ಅವ್ನು ಬಂದ. ಬಾಗ್ಲಲ್ಲೇ ನಿಂತವ್ನೆ."

"ಹೂಂ."

"ಅವಳು ಮಾತಾಡುಸ್ತಿಲ್ಲ... ಕೊಳಲು ಬಂತು. ಈಗ ಶುರು ಮಾಡುದ್ಲು, ಮೆತ್ತಗೆ."

ಅವರ ಬೆರಳು ಗೋಣಿಚೀಲದ ಮೇಲೆ ಹಾರ್ಮೋನಿಯಂ ನುಡಿಸುತ್ತಿತ್ತು. ಅಷ್ಟರಲ್ಲಿ ನನ್ನ ಮಡಿಲಿನಲ್ಲಿ ಸ್ಪೀಕರ್ ಕುಯ್ ಎಂದು ದೀಪ ಆರಿಸಿಕೊಂಡಿತು. ಬೆಳಗಿನಿಂದ ಯಾರೂ ಚಾರ್ಜಿಗೆ ಹಾಕಿರಲಿಲ್ಲ. ನಾನು ಅದರ ಮೇಲೆ ಸೆರಗು ಮುಚ್ಚಿದೆ.

"ಆಮೇಲೆ?"

"ಲೋಟ ಎತ್ಕಂಡ್ಲು ಬಾವ."

ನನಗೆ ಆ ಭಾಷೆಯ ಒಂದು ಮಾತೂ ಬರುವುದಿಲ್ಲ. ಆದರೆ ಹನ್ನೆರಡು ವರ್ಷ ಸೊಪ್ಪು ಬಿಡಿಸಿದ್ದೇನಲ್ಲ. ಯಾವ ಹೊತ್ತಿಗೆ ಕೊಳಲು ಬರುತ್ತದೆ, ಯಾವಾಗ ತಮಟೆಯಂಥದ್ದು ಗುಡುಗುತ್ತದೆ, ಎಲ್ಲಿ ಆಕೆ ಉಸಿರೆಳೆದುಕೊಳ್ಳುತ್ತಾಳೆ, ಎಲ್ಲವೂ ನನ್ನ ಅಡಿಗೆಮನೆಯಲ್ಲೇ ಇತ್ತು. ಬೈದುಕೊಂಡು ಕೇಳಿದ್ದು ಒಂದಕ್ಷರವೂ ಮರೆತಿರಲಿಲ್ಲ. ಅದೊಂದು ಪುಣ್ಯ.

"ಈಗ ಕೂಗು ಬತ್ತದೆ," ಎಂದೆ. ಅವರು ತೋರುಬೆರಳು ಮೇಲೆತ್ತಿದರು. ನಾನು ಉಸಿರು ಹಿಡಿದೆ. ಬೆರಳು ಏರಿತು, ಏರಿ ನಿಂತಿತು. ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಹೊತ್ತು. ನನ್ನ ಉಸಿರು ಮುಗಿಯುವುದಕ್ಕೂ ಬೆರಳು ಇಳಿಯುವುದಕ್ಕೂ ಸರಿಹೋಯಿತು.

ಆಗ ಪಂಚೆಯ ಆ ತುದಿಗೆ, ದೋಸೆಯಷ್ಟಗಲದ ಆ ಸಂಡಿಗೆಯ ಪಕ್ಕ, ಒಂದು ಕಾಗೆ ಬಂದು ಕೂತಿತು.

ಭಾವ ಕಣ್ಣು ಬಿಟ್ಟು ಕಾಗೆಯನ್ನು ನೋಡಿದರು. ಕಾಗೆ ಅತ್ತಿತ್ತ ನೋಡಿ ನಿಧಾನವಾಗಿ ಕುಕ್ಕಿತು. ಅವರು ನನ್ನ ಮಡಿಲ ಮೇಲಿನ ಸೆರಗನ್ನು ನೋಡಿದರು, ಆಮೇಲೆ ನನ್ನ ಮುಖವನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಕಾಗೆಯನ್ನು ಓಡಿಸಲಿಲ್ಲ. ಮತ್ತೆ ಕಣ್ಣು ಮುಚ್ಚಿಕೊಂಡು, ಎಡಗಿವಿಯನ್ನು ನನ್ನ ಕಡೆಗೆ ಇನ್ನಷ್ಟು ಬಾಗಿಸಿದರು.

"ಆಮೇಲೇನಾಯ್ತು, ಹೇಳವ್ವ."

ಹೇಳಿದೆ. ಆಕೆ ಸಾಯುವ ತನಕ ಹೇಳಿದೆ. ಆಮೇಲೆ ಎದ್ದು, ನಿನ್ನೆಯ ಪಂಚೆಯನ್ನು ಮಗುಚಿ ಹಾಕಿ, ಹಿಂಬದಿಗೆ ನೀರು ಚಿಮುಕಿಸಿ, ಒಣಗಿದ ಸಂಡಿಗೆಯನ್ನು ಒಂದೊಂದಾಗಿ ಬಿಡಿಸುತ್ತಾ ಕೂತೆ.